ಎರಡು ಸೆಕೆಂಡಿನ ನೆನಪು

ನಮ್ಮೂರು ವುಚ್. ದೋಣಿ ಎಂದು ಅರ್ಥ.
ಹೊಳೆಗಳೆಲ್ಲ ನೆಲದಡಿಯ ಕೊಳವೆ ಸೇರಿ ಕಾಲವಾಯಿತು.
ನವೆಂಬರಿನಲ್ಲಿ ಮೂರೂವರೆಗೇ ದೀಪ.
ಹಳೆಯ ಹತ್ತಿ ಗಿರಣಿ, ಕಬ್ಬಿಣದ ಮೆಟ್ಟಿಲು,
ಮೂರನೆಯ ಮಹಡಿಯ ಬಾಗಿಲಿಗೆ ವಿಶ್ವವಿದ್ಯಾಲಯದ ಮುದ್ರೆ,
ಅದರ ಕೆಳಗೆ ಯಾರದೋ ಕೈಬರಹ:
ಮೆಲ್ಲಗೆ ನಡೆಯಿರಿ, ಕಂಪ್ಯೂಟರು ತುಳುಕುತ್ತದೆ.

ತುಳುಕುವುದೇ ಸರಿ. ಮೇಜಿನ ಮೇಲೆ ಒಂದು ತಟ್ಟೆ,
ರೊಟ್ಟಿ ಬೇಯಿಸುವ ತಟ್ಟೆಗಿಂತ ಚೂರು ಅಗಲ,
ಅದರ ತುಂಬ ನೀರು. ಬರೀ ನಲ್ಲಿ ನೀರು.
ಅಂಚಿನಲ್ಲಿ ಎಂಟು ಪುಟಾಣಿ ಮೋಟಾರು,
ಮೇಲೊಂದು ಕ್ಯಾಮೆರಾ,
ಬಾವಿಗೆ ಬಗ್ಗಿ ಮುಖ ನೋಡಿಕೊಳ್ಳುವವರ ಹಾಗೆ.
ನಾಲ್ಕು ವರ್ಷ ವಾಷಿಂಗ್ ಮಷೀನಿನ ಕಾರ್ಖಾನೆಯಲ್ಲಿ
ನೀರು ಸೋರದ ಹಾಗೆ ಕಾದವಳು ನಾನು.
ಇಲ್ಲಿ ನೀರೇ ಲೆಕ್ಕ ಮಾಡುತ್ತದಂತೆ.

"ಹೆಸರು?" ಎಂದರು ಡಾಕ್ಟರ್ ಹೊನೊರಾತಾ, ಎಲ್ಲರಿಗೂ ಕೇಳಲೆಂದು.
ಸಂದರ್ಶನ ಕಾಗದದಲ್ಲೇ ಮುಗಿದಿತ್ತು,
ನನ್ನ ಬಾಯಿ ಅವರಿಗೆ ಹೊಸತು.
ಬೇರೆಲ್ಲ ಮಾತಿಗೆ ಒಳದಾರಿ ಉಂಟು,
ಒಂದು ಪದ ಕಚ್ಚಿಕೊಂಡರೆ ಅದರ ನೆಂಟನನ್ನು ಕರೆಯಬಹುದು.
ಹೆಸರಿಗೆ ಮಾತ್ರ ಒಂದೇ ಬಾಗಿಲು.
ಯಾ, ಎಂದೆ. ಯಾ. ಯಾ.
ನಮ್ಮ ನುಡಿಯಲ್ಲಿ ಯಾ ಎಂದರೆ ನಾನು.
ನಾನು ನಾನು ನಾನು ಎಂದು ಜಂಬಗಾತಿಯಂತೆ ನಿಂತೆ,
ಯಾರು ಎನ್ನುವುದು ಹೊರಡಲೇ ಇಲ್ಲ.
ಒಲ್ಗಿಯೆರ್ದ್ ತನ್ನ ಬೂಟಿನ ದಾರ ನೋಡಿದ.
ಯಾಗೋದಾ, ಕೊನೆಗೂ.
ಕಾಡಹಣ್ಣು ಎಂದು ಅರ್ಥ. ಅಷ್ಟು ಹೊತ್ತು
ನಾಲಿಗೆಯ ಮೇಲಿದ್ದ ಹಣ್ಣು ಕರಗಬೇಕಿತ್ತು.

ಕೆಲಸ ಇಷ್ಟೆ. ತಾಕ್ ಎಂದರೆ ಹೌದು, ನ್ಯೆ ಎಂದರೆ ಅಲ್ಲ.
ಮೈಕಿಗೆ ಹೇಳಿದರೆ ಮೋಟಾರು ನೀರಿಗೆ ಹೇಳುತ್ತದೆ.
ತಾಕ್ ಹೋಗಿ ಅಂಚಿಗೆ ತಾಕಿ, ತಿರುಗಿ,
ಎದುರು ಬಂದ ತನ್ನದೇ ಬಾಲದೊಳಗೆ ಹಾಯ್ದು
ಸುಕ್ಕು ಸುಕ್ಕಾಗಿ ಹರಡುತ್ತದೆ.
ಆ ಸುಕ್ಕು ಓದಿ ಮೂಲೆಯ ಸಣ್ಣ ಯಂತ್ರ
ಹೌದೋ ಅಲ್ಲವೋ ತೂಗುತ್ತದೆ.
"ನೀರಿಗೆ ಎರಡು ಸೆಕೆಂಡು ನೆನಪಿರುತ್ತದೆ," ಎಂದರು ಹೊನೊರಾತಾ,
"ಆಮೇಲೆ ಮರೆವು. ಮರೆಯದಿದ್ದರೆ ಬರೀ ಗದ್ದಲ."
ಹನ್ನೊಂದನೇ ನಂಬರಿನ ಟ್ರಾಮು ಹೋದಾಗಲೆಲ್ಲ
ಯಾರೂ ಕೇಳದೆಯೇ ತಟ್ಟೆ ಅಲ್ಲ ಅನ್ನುತ್ತಿತ್ತು.
ತಿಮೊತೆಉಷ್ ಗೋಡೆಗೆ ಟ್ರಾಮಿನ ವೇಳಾಪಟ್ಟಿ ಅಂಟಿಸಿದ್ದ.

ಎಲ್ಲರೂ ತಲಾ ಇನ್ನೂರು ಸಲ ದನಿ ಕೊಟ್ಟರು.
ನಾನು ಮೂರು ವಾರ ನೀರು ಬದಲಿಸಿದೆ,
ಧೂಳು ತೆಗೆದೆ, ಬೇಡದ ತಂತಿಗೆಲ್ಲ ಚೀಟಿ ಕಟ್ಟಿದೆ.

ಬ್ಯಾಂಕಿಗೆ ಫೋನು ಮಾಡಿದರೆ ಒಬ್ಬ ಯಂತ್ರದ ಹೆಂಗಸಿದ್ದಾಳೆ,
ಬಲು ಮರ್ಯಾದಸ್ಥೆ.
ತಿಳಿಯಲಿಲ್ಲ, ಹೌದು ಅಥವಾ ಅಲ್ಲ ಎನ್ನಿ,
ಮೂರು ಸಲ ಹೇಳಿ ಕಡಿದುಬಿಡುತ್ತಾಳೆ.
ಅವಳನ್ನು ನೆನೆದೇ ಒಂದು ಶುಕ್ರವಾರ,
ಎಲ್ಲರೂ ಹೋದ ಮೇಲೆ, ಮೈಕು ಎಳೆದುಕೊಂಡೆ.

ನ್. ನ್.
ಮೊದಲನೆಯದು ಅಂಚು ಮುಟ್ಟುವ ಮೊದಲೇ ಎರಡನೆಯದು,
ಅದರ ಹೆಗಲ ಮೇಲೆ ಮೂರನೆಯದು,
ನನ್ನ ಗಂಟಲ ಗಂಟು
ಮೊಟ್ಟಮೊದಲು ಕಣ್ಣಿಗೆ ಕಂಡಿತು:
ಬಳೆಯೊಳಗೆ ಬಳೆ.
ನೀರು ಕಡಿದುಕೊಳ್ಳಲಿಲ್ಲ. ಉಳಿದದ್ದನ್ನು ತಾನೇ ಹೇಳಿಕೊಡಲೂ ಇಲ್ಲ,
ಅಮ್ಮ ಹೇಳಿಕೊಡುವ ಹಾಗೆ.
ನ್ಯೆ.
ಅಲ್ಲ, ಎಂದು ಬರೆಯಿತು ಯಂತ್ರ.

ಹತ್ತಕ್ಕೆ ಏಳು. ಒಲ್ಗಿಯೆರ್ದನಿಗೆ ಒಂಬತ್ತು.
ಹತ್ತರಲ್ಲಿ ಮೂರು ಸೋರಿದರೆ
ಕಾರ್ಖಾನೆಯನ್ನೇ ನಿಲ್ಲಿಸುತ್ತಿದ್ದೆವು.
ಆದರೂ ದೀಪ ಆರಿಸಲು ಮರೆತು ಮನೆಗೆ ಹೋದೆ.

ಸೋಮವಾರ ಹೊನೊರಾತಾ ದಾಖಲೆ ನೋಡಿದರು,
ನಾನು ಬೇರೆ ಕಡತದಲ್ಲಿ ಬಚ್ಚಿಟ್ಟದ್ದನ್ನೂ.
ಹೊಗಳಲಿಲ್ಲ. ಚಹಾ ಊದುತ್ತ ಅಂದರು:
"ಇದು ಯಾಕೆ ಬೇರೆ? ಎಲ್ಲರದರ ಜೊತೆ ಸೇರಿಸು."

ಸೇರಿಸಿದೆ.
ಆಗಲೇ ಕೆಳಗೆ ಹನ್ನೊಂದನೇ ನಂಬರು ಹಾದುಹೋಯಿತು.
ಅಲ್ಲ, ಎಂದಿತು ತಟ್ಟೆ.